ಕರಗುವ ಹಿಮದ ಬಣ್ಣ

"ಅಗಾಫ್ಯಾಳ ಕೈಲಿ ಇದು ಆಗದು" ಎಂದು ಮೊದಲು ನಕ್ಕವನು ಅರಮನೆಯ ಚಿತ್ರಕಾರ ಪ್ರೋಖೋರ. ಬಹಳ ಹಿಂದೆ, ಬಡಗಣ ದಿಕ್ಕಿನ ರಾಜ್ಯವೊಂದರಲ್ಲಿ, ಚಳಿಗಾಲ ಏಳು ವರ್ಷ ಕದಲದೆ ಕೂತಿದ್ದಾಗಿನ ಮಾತು.

"ಏನವ್ವಾ, ಸುಣ್ಣ ಬಳಿಯೋ ಕುಂಚದಲ್ಲಿ ವಸಂತ ಬರೀತೀಯಾ? ಕೋಟೆ ಬಾಗಿಲ ಮೇಲಿರೋದನ್ನ ಓದೋಕಾದ್ರೂ ಬರುತ್ತಾ?"

"ಅಂಗಡಿ ಬೋರ್ಡು ನೋಡಿ ನಾನೇ ಕಲಿತಿದ್ದೀನಿ, ಸ್ವಾಮಿ," ಎಂದಳು ಮನೆಮನೆಗೆ ಸುಣ್ಣ ಬಳಿಯುವ ಅಗಾಫ್ಯಾ.

ಆ ಚಳಿಗಾಲವನ್ನು ತಂದಿದ್ದ ಹಿಮಮಾಯಾವಿ ತನ್ನ ಕೋಟೆಯ ಬಾಗಿಲಲ್ಲಿ ಕೆತ್ತಿಸಿದ್ದ: 'ನಾನು ಕಾಣದ ವಸಂತವನ್ನು ಬರೆದು ತೋರಿಸಿದರೆ ರಾಜ್ಯ ಬಿಟ್ಟುಹೋಗುತ್ತೇನೆ. ಮೂರೇ ಅವಕಾಶ.' ಅವನ ಉಸಿರು ತಗುಲಿ ಅಗಾಫ್ಯಾಳ ತಂಗಿ ನಾಸ್ತ್ಯಾ ಹೊಳೆದಂಡೆಯಲ್ಲಿ ಕೊಡ ಹಿಡಿದಂತೆಯೇ ಮಂಜುಗಡ್ಡೆಯಾಗಿ ನಿಂತಿದ್ದಳು.

ಮೊದಲ ದಿನ ಅಗಾಫ್ಯಾ ಹಲಗೆಯ ಮೇಲೆ ಸೂರ್ಯನನ್ನು ಬರೆದಳು. "ಇವನನ್ನು ದಿನಾ ನೋಡುತ್ತೇನೆ!" ಎಂದು ಮಾಯಾವಿ ಊದಿದ. ಅವಳ ಬಲಗೈ ಕಿರುಬೆರಳು ಮಂಜಾಗಿ ಉದುರಿತು.

ಎರಡನೆಯ ದಿನ ಹೂದೋಟ ಬರೆದಳು. "ಅರಮನೆಯ ಗೋಡೆತುಂಬ ಪ್ರೋಖೋರ ಬರೆದಿಟ್ಟ ಇಂಥ ಹೂವನ್ನು ನೂರು ಸಲ ನೋಡಿದ್ದೇನೆ!" ಉಂಗುರದ ಬೆರಳೂ ಹೋಯಿತು. "ನಾಳೆ ಸೋತರೆ ನಿನ್ನ ತಂಗಿ ಪುಡಿಪುಡಿ."

ಅಗಾಫ್ಯಾ ತಂಗಿಯ ಕಾಲ ಬಳಿ ಕೂತು ಯೋಚಿಸಿದಳು. ಹೋದಲ್ಲೆಲ್ಲ ಹಿಮ ಸುರಿಸುವವನು ಕಾಣದೇ ಇರುವುದೇನು? ಏಳು ವರ್ಷದ ಹಿಂದೆ, ವಸಂತ ಇನ್ನೂ ಹೊಸಿಲಲ್ಲಿದ್ದಾಗ, ತಾನು ಬಾಗಿಲಿಂದ ಗುಡಿಸಿ ಹಾಕಿದ ಹಿಮ ಬೆಳ್ಳಗಿರಲಿಲ್ಲ ಎಂಬುದು ನೆನಪಾಯಿತು.

ಮೂರನೆಯ ದಿನ ಸುಣ್ಣಕ್ಕೆ ಒಲೆಯ ಬೂದಿ, ಮಸಿ ಕಲಸಿದಳು. ಸೊಟ್ಟ ಬರ್ಚ್ ಮರಗಳು, ಬುಡದಲ್ಲಿ ಕೊಳೆತ ಹಿಮ, ಗಾಡಿಜಾಡಿನಲ್ಲಿ ಕೆಸರುನೀರು, ಕಡ್ಡಿ ಕಚ್ಚಿಕೊಂಡು ಜಗಳವಾಡುವ ಕಾಗೆಗಳು. ಹೂವು ಒಂದೂ ಇಲ್ಲ.

ಮಾಯಾವಿ ಬಹಳ ಹೊತ್ತು ನೋಡಿದ. "ಥೂ, ಎಷ್ಟು ಕೊಳಕು! ಯಾರದಿದು, ಈ ಹಿಮ?"

"ನಿಮ್ಮದೇ, ಸ್ವಾಮಿ. ನೀವು ಹೊರಟ ಮೇಲೆ ಹೀಗಿರುತ್ತೆ. ಆಗ ನೀವಿರೋದಿಲ್ಲ, ಹೇಗೆ ನೋಡಿರ್ತೀರಿ?"

ಅವನು ಚಿತ್ರ ಮುಟ್ಟಿದ. ಅವನ ಬೆರಳು ಕರಗಿ ತೊಟ್ಟಿಕ್ಕಿತು. ಆಮೇಲೆ ಮೂಗು, ಗಡ್ಡ, ಕಿರೀಟ. ಕಾಗೆಗಳು ಹಲಗೆಯಿಂದ ಕಾ ಕಾ ಎಂದು ಹಾರಿದವು. ಕೋಟೆ ದೊಪ್ಪನೆ ಕುಸಿಯಿತು, ಹೊಳೆ ಬಿರಿದು ಹರಿಯಿತು.

"ಅಕ್ಕಾ, ಕಾಲೆಲ್ಲಾ ಕೆಸರಾಯ್ತಲ್ಲೇ!" ಎಂದು ಮಂಜು ಕರಗಿ ಎಚ್ಚೆತ್ತ ನಾಸ್ತ್ಯಾ ಹೊಳೆದಂಡೆಯಿಂದ ಕೂಗಿದಳು. ಅಗಾಫ್ಯಾ ಅವಳತ್ತ ಓಡಿಹೋಗಿ, ಏಳು ವರ್ಷದಲ್ಲಿ ಮೊದಲ ಸಲ ಎದೆತುಂಬ ಉಸಿರೆಳೆದು, ಆ ಕೆಸರಲ್ಲೇ ಕೂತು ನಕ್ಕಳು.

ಆ ವರ್ಷ ರಾಜ್ಯವೆಲ್ಲ ಬಿತ್ತಿ ಬೆಳೆದು ಹೊಟ್ಟೆತುಂಬ ಉಂಡಿತು. ಅಗಾಫ್ಯಾಳಿಗೀಗ ಎರಡು ಕಿಟಕಿಯ ಸ್ವಂತ ಮನೆಯಿದೆ, ಹನ್ನೊಂದು ಪುಸ್ತಕಗಳಿವೆ, ಬೆಳಗಾದರೆ ವಟಗುಟ್ಟುವ ತಂಗಿಯಿದ್ದಾಳೆ. ಇದಕ್ಕೆ ತೆತ್ತದ್ದು ಎರಡು ಬೆರಳು. ಉಳಿದ ಮೂರರಲ್ಲಿ ಕುಂಚ ಹಿಡಿಯುತ್ತಾಳೆ.