ಬೆಕ್ಕಿನ ಬಾಡಿಗೆ

ಮನೆಗೆ ಆರು ರೂಪಾಯಿ, ಬೆಕ್ಕಿಗೆ ಒಂದು ರೂಪಾಯಿ. ಮುನಿಶಾಮಪ್ಪನನ್ನು ಅಡ್ಡದಾರಿಗೆ ಎಳೆದದ್ದು ಆ ಏಳನೆಯ ರೂಪಾಯಿ.

ಮೊದಲಿಗೆ ಅದು ಇಡೀ ರೂಪಾಯಿಯಾಗಿರಲಿಲ್ಲ. ಎರಡು ವರ್ಷದ ಹಿಂದೆ, ನೂಲು ತೆಗೆಯುವ ಕಾರ್ಖಾನೆಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿ ಅವನು ದೇವನಹಳ್ಳಿ ಬಳಿಯ ವಿಜಯಪುರಕ್ಕೆ ಬಂದಿಳಿದಾಗ, ಹೆಂಡತಿ ವರಲಕ್ಷ್ಮಮ್ಮನ ಸೆರಗಿನೊಳಗಿಂದ ಚೆನ್ನಿ ಎಂಬ ಬಿಳಿಯ ಬೆಕ್ಕಿನ ಮರಿ ತಲೆ ಹೊರಹಾಕಿತ್ತು. ಮನೆಯ ಒಡತಿ ಅಮ್ಮಯಮ್ಮ ಗೂಡಿನ ವ್ಯಾಪಾರದವಳು. ರೈತರು ತಂದ ರೇಷ್ಮೆಗೂಡನ್ನು ಜಗಲಿಯ ತೊಲೆಗೆ ಕಟ್ಟಿದ ತಕ್ಕಡಿಯಲ್ಲಿ ತೂಗಿ ಕೊಳ್ಳುವುದು ಅವಳ ಕಸುಬು. ಅವಳು ಮರಿಯ ಕತ್ತು ಹಿಡಿದೆತ್ತಿ ತಟ್ಟೆಯಲ್ಲಿ ಕೂರಿಸಿದಳು.

“ಎರಡು ರಾತಲು. ರಾತಲಿಗೆ ಎರಡಾಣೆ. ನಾಕಾಣೆ ಜಾಸ್ತಿ ಆಯ್ತದೆ.”

“ಬೆಕ್ಕಿಗೂ ಬಾಡಿಗೇನಾ ಅಮ್ಮಯಮ್ಮನೋರೆ?”

“ಬೆಕ್ಕು ಸೂರಿನ ಮೇಲೆ ಓಡಾಡ್ತದೆ, ಹೆಂಚು ಒಡೀತದೆ. ಭಾರ ಇದ್ದಷ್ಟೂ ಜಾಸ್ತಿ ಒಡೀತದೆ. ನ್ಯಾಯ ಅಲ್ವೇನಪ್ಪಾ?”

ನ್ಯಾಯವೋ ಅಲ್ಲವೋ ಎಂದು ಯೋಚಿಸುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಅಂದಿನಿಂದ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಚೆನ್ನಿ ತಕ್ಕಡಿ ಹತ್ತುತ್ತಿತ್ತು. ವರಲಕ್ಷ್ಮಮ್ಮನ ಹಾಲನ್ನವನ್ನೂ, ಕಾರ್ಖಾನೆಯವರು ಗೂಡು ಬೇಯಿಸಿ ಹೊರಗೆ ಸುರಿದ ಹುಳುಗಳನ್ನೂ ಅದು ಒಂದೇ ಭಕ್ತಿಯಿಂದ ತಿನ್ನುತ್ತಿತ್ತು. ಎರಡು ರಾತಲು ಐದಾಯಿತು, ಐದು ಎಂಟಾಯಿತು; ನಾಲ್ಕಾಣೆ ಇಡೀ ರೂಪಾಯಿಯಾಯಿತು. ಕಳೆದ ತಿಂಗಳು ಮುನಿಶಾಮಪ್ಪ ನಾಚಿಕೆ ಬಿಟ್ಟು ಬೇಡಿಕೊಂಡಿದ್ದ.

“ದೀಪಾವಳಿ ಆದ್ಮೇಲೆ ಸೊರಗೋಗವಳೆ ಅಮ್ಮಯಮ್ಮನೋರೆ. ಈಗ ಆರು ರಾತಲೂ ಇರಾಕಿಲ್ಲ.”

“ಯುಗಾದಿಗೆ ತೂಗಾಣ. ಅಲ್ಲೀಗಂಟ ಒಂದು ರೂಪಾಯಿ.”

ಬೇರೆ ಮನೆ ನೋಡಿಕೊಳ್ಳೋಣವೆಂದರೆ ಊರಲ್ಲಿ ದನದ ಕೊಟ್ಟಿಗೆಗೂ ಬಾಡಿಗೆದಾರರು ಬಂದಿದ್ದರು. ವಿಮಾನದಿಂದ ಕೊಡೆ ಹಿಡಿದು ಇಳಿಯುವ ಸಿಪಾಯಿಗಳಿಗೆ ರೇಷ್ಮೆ ಬೇಕಂತೆ. ಜರ್ಮನಿಯ ಯುದ್ಧ ವಿಜಯಪುರದ ಬಾಡಿಗೆಯನ್ನು ಏರಿಸಿತ್ತು. ಚೆನ್ನಿಯನ್ನು ಎಲ್ಲಾದರೂ ಬಿಟ್ಟು ಬರುವ ಮಾತನ್ನು ಅವನು ಒಮ್ಮೆ ಆಡಿದ್ದ. ಮಕ್ಕಳಿಲ್ಲದ ವರಲಕ್ಷ್ಮಮ್ಮ ಅಂದು ರಾತ್ರಿ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಮರುದಿನವೂ ಮಾತಾಡಲಿಲ್ಲ. ಮೂರನೆಯ ದಿನ, “ಅವಳು ಹೋದ್ರೆ ಅವಳ ಜತೆ ನಾನೂ ಹೋಗ್ತೀನಿ” ಎಂದಳು. ಮನೆಯೂ ಉಳಿಯಬೇಕು, ಬೆಕ್ಕೂ ಉಳಿಯಬೇಕು, ರೂಪಾಯಿಯೂ ಉಳಿಯಬೇಕು. ಪ್ರಾಮಾಣಿಕರಿಗೆ ಸಾಧ್ಯವಾಗುವ ಕೆಲಸವಲ್ಲ ಅದು.

ಉಪಾಯ ಹೊಳೆದದ್ದು ಅಮ್ಮಯಮ್ಮ ಅಟ್ಟಕ್ಕೆ ಇಲಿ ಪಾಷಾಣ ಇಡುವಾಗ. ಗೂಡು ತುಂಬಿದ ಅಟ್ಟಕ್ಕೆ ಇಲಿ ಬರುತ್ತದೆಂದು ಅವಳು ಹಿಟ್ಟಿನುಂಡೆಗೆ ಪಾಷಾಣ ಬೆರೆಸಿ ಇಡುತ್ತಿದ್ದಳು. ಹನ್ನೊಂದು ಉಂಡೆ, ಎಣಿಸಿ ಇಟ್ಟು ಎಣಿಸಿ ತೆಗೆಯುತ್ತಿದ್ದಳು. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ತನ್ನ ಪಾಷಾಣದಿಂದ ಚೆನ್ನಿ ಸತ್ತಿತೆಂದು ಅಮ್ಮಯಮ್ಮ ನಂಬಿದರೆ ಪಾಪ ಅವಳ ತಲೆಗೆ. ಬಂಗಾರ ಅವಳು ಬಿಚ್ಚುವವಳಲ್ಲ. ಪಾಪಕ್ಕೂ ಬಂಗಾರಕ್ಕೂ ನಡುವೆ ಅವಳು ನಲುಗುವಾಗ ತಾನು ಮೆಲ್ಲಗೆ ಒಂದು ಅಗ್ಗದ ದಾರಿ ತೋರಿಸುವುದು: ಹೋದ ಜೀವಕ್ಕೆ ಬದಲು ಇನ್ನೊಂದು ಜೀವಕ್ಕೆ ಅದೇ ಸೂರಿನಡಿ ಬಾಡಿಗೆಯಿಲ್ಲದೆ ಜಾಗ ಕೊಟ್ಟರೆ ಪಾಪ ಕಳೆಯುತ್ತದೆ ಎಂದು. ತಿಂಗಳು ಬಿಟ್ಟು ಚೆನ್ನಿ ವಾಪಸಾಗುತ್ತದೆ, ತನ್ನದೇ ತಂಗಿಯಾಗಿ. ಬಿಳಿ ಬೆಕ್ಕು ಬಿಳಿ ಬೆಕ್ಕಿನ ಹಾಗೆ ಇರುವುದರಲ್ಲಿ ಅನುಮಾನಕ್ಕೆ ಏನಿದೆ?

ಬೆಕ್ಕಿನ ವಿಷಯದಲ್ಲಿ ಇಷ್ಟು ಆಳವಾಗಿ ಚಿಂತಿಸಿದವರು ದೇವನಹಳ್ಳಿ ತಾಲೂಕಿನಲ್ಲೇ ಇರಲಾರರು ಎಂದು ಅವನಿಗೆ ಅನಿಸಿತು.

ಸೋಮವಾರ ಅಮ್ಮಯಮ್ಮ ದೇವನಹಳ್ಳಿಗೆ ಹೋದಳು. ಹಗಲು ಹನ್ನೊಂದಕ್ಕೆ ಬುಡನ್ ಸಾಬನ ಜಟಕಾ ಹಿತ್ತಲ ಬಾಗಿಲಿಗೆ ಬಂತು. ಗೂಡಿನ ಬುಟ್ಟಿಯಲ್ಲಿ, ಬಟ್ಟೆಯ ಕೆಳಗೆ, ಚೆನ್ನಿ ಗುರುಗುಟ್ಟುತ್ತಿತ್ತು. ಬುಡನ್ ಸಾಬ ಬುಟ್ಟಿ ಎತ್ತಿ ನೋಡಿದ.

“ಕ್ಯಾ ಗುಮಾಸ್ತರೇ, ಇದು ಬೆಕ್ಕಾ ಕುರೀನಾ? ನನ್ ಕುದ್ರೆಗೆ ಒಂದು ಮಾತು ಕೇಳ್ಬೇಕಾಯ್ತದೆ.”

“ಆವತಿ ಹಳ್ಳೀಲಿ ನಿಮ್ ತಂಗಿ ವಹೀದಾ ಹತ್ರ ಒಂದು ತಿಂಗಳು ಇರ್ಲಿ ಸಾಬ್ರೆ. ಯಾರ ಹತ್ರಾನೂ ಬಾಯಿ ಬಿಡಬೇಡಿ.”

“ನಾನು ಬಿಡಲ್ಲ. ಬುಟ್ಟೀಲಿರೋಳು ಬಿಟ್ರೆ ನನ್ನ ಕೇಳ್ಬೇಡಿ.”

ಉಳಿದ ಕೆಲಸವನ್ನು ಮುನಿಶಾಮಪ್ಪ ಲೆಕ್ಕದ ಪುಸ್ತಕ ಬರೆಯುವಷ್ಟೇ ಶ್ರದ್ಧೆಯಿಂದ ಮಾಡಿದ. ಅಟ್ಟ ಹತ್ತಿ ಒಂದು ಉಂಡೆ ತೆಗೆದು ಮಣ್ಣಲ್ಲಿ ಹೂತ. ಎಣಿಸುವವಳು ಎಣಿಸಲಿ, ಹತ್ತೇ ಸಿಗಲಿ. ಅರ್ಧ ಇಟ್ಟಿಗೆಗೆ ತೆಂಗಿನ ನಾರು ಸುತ್ತಿದ, ಅದರ ಮೇಲೆ ಹಳೆಯ ಪಂಚೆ, ಅದರ ಮೇಲೆ ಗೋಣಿತಾಟು. ಒಂದು ತುದಿಯಲ್ಲಿ ಬಾಲದ ಉದ್ದಕ್ಕೆ ಹಗ್ಗದ ತುಂಡು ಸೇರಿಸಿ ಹೊಲಿದ. ಯಾರೂ ಬಿಚ್ಚಿ ನೋಡುವುದಿಲ್ಲ. ಸತ್ತ ಬೆಕ್ಕಿನ ಗಂಟು ಬಿಚ್ಚುವಷ್ಟು ಕುತೂಹಲ ಲೋಕದಲ್ಲಿ ಯಾರಿಗೂ ಇಲ್ಲ. ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿ ಅಮ್ಮಯಮ್ಮನಿಗಾಗಿ ಕಾದ.

ಕಷ್ಟವಾದದ್ದು ವರಲಕ್ಷ್ಮಮ್ಮನಿಗೆ ಅಳು ಕಲಿಸುವುದು. ಅವಳಿಗೆ ನಗು ಬರುತ್ತಿತ್ತು.

“ಸೆರಗನ್ನ ಬಾಯಿಗೆ ಒತ್ತಿಟ್ಕೋ” ಎಂದ ಅವನು. “ಅತ್ರೂ ನಕ್ರೂ ಭುಜ ಒಂದೇ ಥರ ಕುಣೀತದೆ.”

ಇಳಿಹೊತ್ತಿಗೆ ಅಮ್ಮಯಮ್ಮ ಬಂದಳು. ಗುಂಡಿ ನೋಡಿದಳು, ಗಂಟು ನೋಡಿದಳು, ಕುಣಿಯುವ ಭುಜಗಳನ್ನು ನೋಡಿದಳು.

“ಏನಾಯ್ತಪ್ಪಾ?”

“ಏನಂತ ಹೇಳ್ಲಿ ಅಮ್ಮಯಮ್ಮನೋರೆ. ಅಟ್ಟದಿಂದ ಇಳಿದು ಬಂದ್ಲು. ಎರಡು ಸುತ್ತು ತಿರುಗಿದ್ಲು. ಅಷ್ಟೇ.”

ಅವಳು ಸೀದಾ ಅಟ್ಟ ಹತ್ತಿದಳು. ಮೇಲಿಂದ ಎಣಿಕೆ ಕೇಳಿಸಿತು, ಒಮ್ಮೆ, ಮತ್ತೊಮ್ಮೆ. ಇಳಿದು ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಮುನಿಶಾಮಪ್ಪ ಗಂಟನ್ನು ಗುಂಡಿಗಿಳಿಸಿ ಮಣ್ಣೆಳೆದ. ಅಮ್ಮಯಮ್ಮ ದಾಸವಾಳದ ಗಿಡದಿಂದ ಒಂದು ಹೂ ಕಿತ್ತು ಮೇಲಿಟ್ಟಳು. ಒಂದೇ ಹೂ, ಅದೂ ಬಾಡಿದ್ದು. ಆದರೂ ಅವಳು ಗುಂಡಿಗೆ ಕೈಮುಗಿದದ್ದನ್ನು ಕಂಡು ಮುನಿಶಾಮಪ್ಪನಿಗೆ ಒಂದು ಗಳಿಗೆ ಪಶ್ಚಾತ್ತಾಪವಾಯಿತು. ಅದು ಬೇಗ ಕಳೆಯಿತು.

ಅಂದು ತಿಂಗಳ ಮೊದಲ ತಾರೀಖು. ದೀಪ ಹಚ್ಚುವ ಹೊತ್ತಿಗೆ ಏನೂ ಅರಿಯದವನಂತೆ ಏಳು ರೂಪಾಯಿ ಒಯ್ದು ಜಗಲಿಯ ಮೇಲಿಟ್ಟ. ಅಮ್ಮಯಮ್ಮ ಆರನ್ನು ಎತ್ತಿಕೊಂಡಳು. ಏಳನೆಯದನ್ನು ಬೆರಳ ತುದಿಯಿಂದ ಅವನ ಕಡೆ ತಳ್ಳಿದಳು. ವಾಪಸು ಬಂದ ರೂಪಾಯಿಯನ್ನು ಅವನು ಅಂಗೈಯಲ್ಲಿಟ್ಟುಕೊಂಡು ಸವಿದ. ಈಗಲೇ ಅಗ್ಗದ ದಾರಿಯ ಮಾತೆತ್ತಬಹುದಿತ್ತು. ಆದರೆ ಹಣ್ಣು ತಾನಾಗಿ ಕಳಿಯಬೇಕು; ರಾತ್ರಿಯೆಲ್ಲ ಬಂಗಾರದ ಬೆಕ್ಕು ಅವಳ ಕನಸಿನಲ್ಲಿ ಓಡಾಡಲಿ, ಬೆಳಿಗ್ಗೆ ಹೇಳಿದರಾಯಿತು. ಆ ರೂಪಾಯಿಯನ್ನು ವರಲಕ್ಷ್ಮಮ್ಮನ ಕೈಲಿಟ್ಟು, ಹುರಿಗಡಲೆ ತಿನ್ನುತ್ತ, ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಅವಳು ಅವನನ್ನು ನೋಡಿದ ನೋಟದಲ್ಲಿ ಮದುವೆಯಾದ ಹೊಸತರ ಮೆಚ್ಚುಗೆಯಿತ್ತು.

ಬೆಳಿಗ್ಗೆ ಅವನು ಮಾತು ಜೋಡಿಸಿಕೊಂಡು ಹೊರಡುವ ಮೊದಲೇ ಅಮ್ಮಯಮ್ಮನೇ ಬಂದಳು. ಮುಖದಲ್ಲಿ ಗೆಲುವಿತ್ತು. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಜಗಲಿಯಿಂದ ಬಿಚ್ಚಿ ತಂದ ತಕ್ಕಡಿ, ಕಂಕುಳಲ್ಲಿ ಬೆಲ್ಲದ ಅಚ್ಚುಗಳ ಬುಟ್ಟಿ. “ಜೋಯಿಸರ್ನ ಕೇಳ್ಕೊಂಡು ಬಂದ್ಬಿಟ್ಟೆ ಕಣಪ್ಪಾ” ಎಂದಳು. “ಬಂಗಾರ ಎಲ್ಲ ರಾಜರಿಗಂತೆ. ನಮ್ಮಂತೋರು ಬೆಕ್ಕಿನ ತೂಕಕ್ಕೆ ಸರಿಯಾಗಿ ಬೆಲ್ಲ ಹಂಚಿದ್ರೆ ಸಾಕಂತೆ. ದೀಪಾವಳಿ ತೂಕ ಹಿಡಿದ್ರೆ ಎಂಟು ರಾತಲು ಆಯ್ತದೆ. ಆರೂ ಇಲ್ಲ, ಸೊರಗವಳೆ ಅಂತ ನೀನೇ ಅಂದಿದ್ದೆ. ಬೆಲ್ಲದ ರೇಟು ನಿಂಗೂ ಗೊತ್ತಲ್ಲ. ನಿನ್ನೆ ತಾನೆ ಹೂತಿರೋದು, ಅಗಿ, ಗೋಣಿ ಬಿಚ್ಚಿ ತೂಗಿ ನೋಡೇಬಿಡಾಣ.” ಅವಳು ತಕ್ಕಡಿಯನ್ನು ನುಗ್ಗೆಯ ಕೊಂಬೆಗೆ ಕಟ್ಟಿ, ಒಂದು ತಟ್ಟೆಗೆ ಬೆಲ್ಲ ಪೇರಿಸಿ, ಗುದ್ದಲಿಯನ್ನು ಅವನ ಕೈಗೆ ಕೊಟ್ಟಳು. ಹಿಂದೆ ಬಾಗಿಲಲ್ಲಿ ವರಲಕ್ಷ್ಮಮ್ಮ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು; ಈ ಸಲ ಅವಳ ಭುಜ ಕುಣಿಯುತ್ತಿರಲಿಲ್ಲ. ಮುನಿಶಾಮಪ್ಪ ಉಂಡೆಯ ಲೆಕ್ಕ ಮರೆತಿರಲಿಲ್ಲ, ಬಾಲವನ್ನೂ ಮರೆತಿರಲಿಲ್ಲ. ಎರಡು ವರ್ಷ ಆ ಮನೆಯಲ್ಲಿದ್ದೂ ಅವನು ಮರೆತದ್ದು ಒಂದೇ: ಅಮ್ಮಯಮ್ಮ ಯಾವುದನ್ನೂ ತೂಗದೆ ಕೊಳ್ಳುವವಳಲ್ಲ, ಪಾಪವನ್ನೂ ಕೂಡ.