ಓದಿದೆ, ಸೇರಿಸಿದೆ

ಬಾಗಿಲು ತಳ್ಳಿಕೊಂಡು ಒಳಗೆ ಬಂದವನನ್ನು ಕಂಡು ಅವಳ ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು.

ಅವನೇ! ಅದೇ ದಪ್ಪ ಕನ್ನಡಕ, ಅದೇ ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ಯಾರಿಗೂ ಸೊಪ್ಪು ಹಾಕದ ಅದೇ ನಡಿಗೆ...

"ಮುಂದಿನ ಮೂರು ತಿಂಗಳು ನಿಮಗೆ ಜಾವಾದಲ್ಲಿ ವೆಬ್ ಅಪ್ಲಿಕೇಷನ್ ಕಟ್ಟೋದನ್ನ ಹೇಳಿಕೊಡೋನು ನಾನೇ," ಎಂದು ಅವನು ತರಗತಿಯ ಮೇಲೆ ಕಣ್ಣಾಡಿಸಿದ. ಆ ಕಣ್ಣು ಅವಳ ಮೇಲೆ ಒಂದು ಕ್ಷಣ ನಿಂತು ಮುಂದೆ ಹೋಯಿತು.

'ಗುರುತೇ ಇಲ್ಲ! ನನ್ನ ಮಾನ ಹರಾಜು ಹಾಕಿದವನಿಗೆ ನನ್ನ ಮುಖವೂ ನೆನಪಿಲ್ಲ!'

ಒಂದು ವರ್ಷದ ಹಿಂದಿನ ಮಾತು. ಅಕ್ಕನ ಹೊಲಿಗೆ ಅಂಗಡಿಗೆಂದು ತಾನೇ ಕಲಿತು ಮಾಡಿದ ವೆಬ್ ಪುಟವನ್ನು ಅವಳು ಕೆಲಸದ ಸಂದರ್ಶನಕ್ಕೆ ಒಯ್ದಿದ್ದಳು. ಗಿರಾಕಿಗಳ ಅಳತೆ, ಡೇಟಾಬೇಸಿನಿಂದ ಮಾಹಿತಿ ತರುವ ಸಾಲು, ಬಣ್ಣ, ಗುಂಡಿ ಎಲ್ಲವೂ ಒಂದೇ ಕಡತದಲ್ಲಿ. ಮೇಜಿನಾಚೆ ಕೂತಿದ್ದ ಈ ಮಹಾಶಯ ಉಳಿದ ಅಭ್ಯರ್ಥಿಗಳ ಎದುರೇ ನಕ್ಕಿದ್ದ.

"ಹೊಲಿಗೆ ಅಂಗಡೀಲೇ ಇದ್ದುಬಿಡಿ. ಅಲ್ಲಾದ್ರೂ ತೋಳು ಬೇರೆ, ಕಾಲರ್ ಬೇರೆ ಅಂತ ಕತ್ತರಿಸೋದು ಕಲೀತೀರಿ."

ಎಲ್ಲರೂ ನಕ್ಕರು. ಅವಳು ಮನೆ ಸೇರುವವರೆಗೂ ಅಳು ತಡೆದಿದ್ದಳು.

ಅಕ್ಕ ಅವಳನ್ನು ಕರೆಯುವುದೇ 'ಸೂಜಿ' ಎಂದು. ಸಣ್ಣಗಿದ್ದಾಳೆ, ಮುಟ್ಟಿದರೆ ಚುಚ್ಚುತ್ತಾಳೆ. ತರಗತಿಯ ಆ ಮೊದಲ ದಿನದ ಸಂಜೆ ಅಂಗಡಿಯಲ್ಲಿ ಅಕ್ಕ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಕೇಳಿದಳು, "ಏನೇ ಸೂಜಿ, ಮುಖ ಹೀಗೆ ಊದಿದೆ?"

"ಅವನೇ ಮೇಷ್ಟ್ರು ಕಣೇ ಅಕ್ಕ!"

"ಹಾಗಾದ್ರೆ ಬೇರೆ ಕಡೆ ಸೇರ್ಕೋ."

"ಇಲ್ಲ. ಅವನು ಕಲಿಸಿದ್ದರಲ್ಲೇ ಅವನ ಸೊಕ್ಕು ಮುರಿದು ಬರ್ತೀನಿ!"

ಮರುದಿನದ ಪಾಠ ಅವಳ ಸಿಟ್ಟಿನ ಬೆಂಕಿಗೆ ತುಪ್ಪ ಸುರಿಯಿತು.

"ಮಾಡೆಲ್, ವ್ಯೂ, ಕಂಟ್ರೋಲರ್. ಹೆದರಬೇಡಿ, ಒಂದು ಹೊಲಿಗೆ ಅಂಗಡಿ ಅಂದ್ಕೊಳ್ಳಿ," ಎಂದ ಅವನು. "ಅಳತೆ ಪುಸ್ತಕ ಮಾಡೆಲ್. ಗಾಜಿನ ಕಪಾಟಲ್ಲಿ ತೂಗುಹಾಕಿರೋ ಉಡುಪು ವ್ಯೂ. ಗಿರಾಕಿ ಮಾತು ಕೇಳಿ, ಪುಸ್ತಕ ನೋಡಿ, ಯಾವುದು ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಅಕ್ಕ ಇರ್ತಾರಲ್ಲ... ಅವ್ರೇ ಕಂಟ್ರೋಲರ್."

ಅಕ್ಕ! ಅಕ್ಕ ಎಂದನಲ್ಲ! ಮರೆತಿಲ್ಲ ಇವನು, ಬೇಕೆಂದೇ ಕೆಣಕುತ್ತಿದ್ದಾನೆ! ಅವಳ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಅವಳು ಹಠ ಹಿಡಿದು ಕಲಿತಳು. ಅವನು ಒಂದು ಹೇಳಿದರೆ ಎರಡು ಮಾಡಿ ತಂದಳು, ಅವನ ತಪ್ಪಿಗಾಗಿ ಹೊಂಚು ಹಾಕಿ ಕೂತಳು. ಆದರೆ ಸೇಡಿಗೆಂದು ಒಬ್ಬ ಮನುಷ್ಯನನ್ನು ಅಷ್ಟು ಗಮನಿಸಿದರೆ ಬೇಡದ್ದೂ ಕಣ್ಣಿಗೆ ಬೀಳುತ್ತದೆ. ನಿವೃತ್ತ ಬಸ್ ಕಂಡಕ್ಟರರೊಬ್ಬರು ತರಗತಿಗೆ ಬರುತ್ತಿದ್ದರು. ಅವರಿಗೆ ಅವನು ಒಂದೇ ಪಾಠವನ್ನು ಏಳನೆಯ ಸಲ ಹೇಳಿಕೊಡುವಾಗಲೂ ದನಿ ಏರಿಸಲಿಲ್ಲ. ಅವಳ ಕೋಡ್ ಸರಿಯಿದ್ದಾಗ ಅವನ ಮುಖ ಅರಳುತ್ತಿತ್ತು. ಅದನ್ನು ನೋಡಿ ಅವಳ ಎದೆ ಢವಗುಟ್ಟುತ್ತಿತ್ತು.

'ಥೂ! ಇವನನ್ನು ದ್ವೇಷಿಸಬೇಕು ಕಣೇ, ನೆಟ್ಟಗೆ ದ್ವೇಷಿಸು!'

ಕೊನೆಯ ದಿನ ಬಂತು. ತರಗತಿಯವರೆಲ್ಲ ಸೇರಿ ದಂತವೈದ್ಯರ ಚಿಕಿತ್ಸಾಲಯಕ್ಕೆ ಸಮಯ ಕಾಯ್ದಿರಿಸುವ ಅಪ್ಲಿಕೇಷನ್ ಕಟ್ಟಿದ್ದರು. ಮಧ್ಯಾಹ್ನ ಮೂರಕ್ಕೆ ಸಂಸ್ಥೆಯ ಮುಖ್ಯಸ್ಥೆಯ ಎದುರು ಅದರ ಪ್ರದರ್ಶನ. ಚೆನ್ನಾಗಿ ನಡೆದರೆ ಅವನ ಕೆಲಸ ಕಾಯಂ, ಇಲ್ಲದಿದ್ದರೆ ಅವತ್ತೇ ಕೊನೆ. ಇದು ಎಲ್ಲರಿಗೂ ಗೊತ್ತಿತ್ತು.

ಸೂಜಿಗೆ ಇನ್ನೊಂದೂ ಗೊತ್ತಿತ್ತು. ಕಂಟ್ರೋಲರಿನಲ್ಲಿ ಒಂದು ವೆಬ್ ವಿಳಾಸಕ್ಕೆ ಉತ್ತರಿಸುವ ಮೆಥಡ್ ಒಂದೇ ಇರಬೇಕು. ಅದೇ ವಿಳಾಸಕ್ಕೆ ಎರಡನೆಯದನ್ನು ಬರೆದರೆ, ಕೋರಿಕೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅಪ್ಲಿಕೇಷನ್ ಏಳುವುದೇ ಇಲ್ಲ, ಶುರುವಿನಲ್ಲೇ ನಿಂತುಬಿಡುತ್ತದೆ. ಕಲಿಸಿದವನು ಅವನೇ!

ಎರಡು ಗಂಟೆಗೆ ಅವಳು ಅಂಥದೇ ಎರಡನೆಯ ಮೆಥಡನ್ನು ಐದು ಸಾಲಿನಲ್ಲಿ ಬರೆದು ಅವನಿಗೆ ಕಳುಹಿಸಿದಳು. ತಾನು ಓದಿ, ಓಡಿಸಿ ನೋಡದೆ ಯಾರ ಕೋಡನ್ನೂ ಅಪ್ಲಿಕೇಷನ್ನಿಗೆ ಸೇರಿಸುವುದಿಲ್ಲ ಎಂಬುದು ಅವನ ನಿಯಮ. ನೋಡಿದ ಮೇಲೆ 'ಓದಿದೆ, ಸೇರಿಸಿದೆ' ಎಂದು ಬರೆಯುತ್ತಿದ್ದ. ಇವತ್ತಿನ ಗಡಿಬಿಡಿಯಲ್ಲಿ ನೋಡದೆಯೇ ಸೇರಿಸುತ್ತಾನೆ ಎಂಬುದು ಅವಳ ಎಣಿಕೆ.

ಮೂರು ಗಂಟೆ. ಅವನು ಗುಂಡಿ ಒತ್ತಿದ. ಗೋಡೆಯ ಪರದೆಯ ತುಂಬ ಕೆಂಪು ಅಕ್ಷರಗಳು ಸುರಿದವು.

"ಏನಿದು?" ಮುಖ್ಯಸ್ಥೆ ಹುಬ್ಬು ಗಂಟಿಕ್ಕಿದರು. "ಶುರುವೇ ಆಗ್ತಿಲ್ವಲ್ರೀ?"

"ತಪ್ಪು ನಂದು, ಮೇಡಂ. ವಿದ್ಯಾರ್ಥಿಗಳದ್ದು ಏನೂ ಇಲ್ಲ."

"ಮೂರು ತಿಂಗಳು ಇದನ್ನೇನಾ ಕಲಿಸಿದ್ದು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ತಲೆ ತಗ್ಗಿಸಿದ. ವರ್ಷವಿಡೀ ಅವಳು ಕನಸು ಕಂಡ ನೋಟ ಅದೇ! ಕುಣಿದಾಡಬೇಕಿತ್ತು... ಆದರೆ ಅದನ್ನು ನೋಡಲಾಗದೆ ಮುಖ ತಿರುಗಿಸಿದಳು.

ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಬದಲಾವಣೆಗಳ ಪಟ್ಟಿ ತೆರೆದಳು. ತನ್ನ ಐದು ಸಾಲಿನ ಕೆಳಗೆ ಅವನ ಬರಹವಿತ್ತು. 'ಓದಿದೆ. ಓಡಿಸಿದೆ, ಏಳಲಿಲ್ಲ. ಆದರೂ ಸೇರಿಸಿದೆ.'

ಅಂದರೆ... ಗೊತ್ತಿದ್ದೂ!

ಅವಳು ದಡಕ್ಕನೆ ಎದ್ದಳು. "ಮೇಡಂ, ಅವ್ರದ್ದಲ್ಲ, ನಂದು! ಬೇಕಂತಲೇ ಕೆಡಿಸಿದ್ದು ನಾನು."

ಅವಳು ಮುಂದೆ ಬಂದು ಐದು ಸಾಲನ್ನೂ ಅಳಿಸಿ ಮತ್ತೆ ಗುಂಡಿ ಒತ್ತಿದಳು. ಅಪ್ಲಿಕೇಷನ್ ಎದ್ದಿತು. ಕಂಡಕ್ಟರಜ್ಜ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಮೊದಲ ಸಮಯ ಕಾಯ್ದಿರಿಸಿದರು.

ಮುಖ್ಯಸ್ಥೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಪ್ರಮಾಣಪತ್ರ ಆರು ತಿಂಗಳು ತಡೆಹಿಡೀತೀನಿ. ಮೇಷ್ಟ್ರೇ, ನೀವು ನಾಳೆ ಬಂದು ಕಾಯಂ ಕೆಲಸದ ಪತ್ರಕ್ಕೆ ಸಹಿ ಹಾಕಿ. ಇಷ್ಟು ಚೆನ್ನಾಗಿ ಕೆಡಿಸೋಕೂ ಯಾರಾದ್ರೂ ಚೆನ್ನಾಗಿ ಕಲಿಸಿರ್ಬೇಕು."

ಎಲ್ಲರೂ ಹೋದ ಮೇಲೆ ಖಾಲಿ ಬೆಂಚುಗಳ ನಡುವೆ ಅವರಿಬ್ಬರೇ ಉಳಿದರು.

"ಯಾಕೆ ಸೇರಿಸಿದ್ರಿ?" ಅವಳ ದನಿಯಲ್ಲಿ ಸಿಟ್ಟೂ ಅಳುವೂ ಇದ್ದವು.

"ಮೊದಲ ದಿನವೇ ನಿಮ್ಮ ಗುರುತು ಸಿಕ್ತು. ಕ್ಷಮೆ ಕೇಳೋಕೆ ದಿನಾ ಬಾಯಿ ತೆರೀತಿದ್ದೆ, ಮಾತು ಹೊರಡ್ತಿರ್ಲಿಲ್ಲ. ಅವತ್ತು ನಾನು ನಾಲ್ಕು ಜನರ ಮುಂದೆ ನಿಮ್ಮನ್ನ ನಗೆಪಾಟಲು ಮಾಡಿದೆ. ಇವತ್ತು ನಾನೂ ಆಗ್ಲಿ ಅಂತ..."

"ಮತ್ತೆ ಆ ಹೊಲಿಗೆ ಅಂಗಡಿ ಪಾಠ? ಅದು ಅಣಕ ಅಲ್ವಾ?"

"ಅಯ್ಯೋ, ಅಲ್ಲ! ಸಂದರ್ಶನ ಮುಗಿದ್ಮೇಲೆ ನಿಮ್ಮ ಪುಟ ಪೂರ್ತಿ ಓದಿದೆ. ಕೋಡ್ ಗಜಿಬಿಜಿ, ಆದ್ರೆ ಅಕ್ಕ ಹೇಗೆ ಕೆಲಸ ಮಾಡ್ತಾರೆ ಅನ್ನೋದು ಅದ್ರಲ್ಲಿ ಅಷ್ಟು ಚೆನ್ನಾಗಿತ್ತು. ಅಲ್ಲಿಂದ್ಲೇ ಆ ಪಾಠ ಹುಟ್ಟಿದ್ದು. ನನ್ನ ಬಗ್ಗೆ ನನಗೇ ಅಸಹ್ಯ ಆಗಿ ಆ ಕಂಪನಿ ಕೆಲಸ ಬಿಟ್ಟೆ." ಅವನು ಕನ್ನಡಕ ತೆಗೆದ. "ಕಾಯಂ ಆಗಿದ್ದು ಖುಷಿ ಹೌದು. ಆದ್ರೆ ನಾಳೆಯಿಂದ ನೀವು ಈ ಬೆಂಚಲ್ಲಿ ಇರಲ್ವಲ್ಲ ಅನ್ನೋದೇ... ನನಗೆ ನೀವು ಅಂದ್ರೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿ ಬಂತು.

"ಒಂದು ವರ್ಷ ಹಲ್ಲು ಕಚ್ಚಿ ಕಾದ ಸೇಡು ರೀ ಅದು! ಅದನ್ನೂ ನೀವೇ ಕಿತ್ಕೊಂಡ್ರಿ!"

"ಬೇರೆ ಶಿಕ್ಷೆ ಕೊಡಿ."

"ಕೊಡ್ತೀನಿ. ನೀವು ನಕ್ಕಿದ್ದು ನನ್ನೊಬ್ಬಳಿಗಲ್ಲ, ನಮ್ಮಕ್ಕನ ದುಡಿಮೆಗೆ. ನಾಳೆ ಅಂಗಡಿಗೆ ಬಂದು ಅವಳ ಹತ್ರ ಕ್ಷಮೆ ಕೇಳಿ."

"ಅವ್ರು ಕ್ಷಮಿಸದಿದ್ರೆ?"

"ಕ್ಷಮಿಸೋವರೆಗೂ ದಿನಾ ಬನ್ನಿ."

"ನಾಳೆಯೇ ಕ್ಷಮಿಸಿಬಿಟ್ರೆ...?"

ಅವಳು ಕಣ್ಣೊರೆಸಿಕೊಂಡು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಆಗ್ಲೂ ದಿನಾ ಬನ್ನಿ."