ಕಟ್ ಮಾಡಿದ ಸಾಲುಗಳು

ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರ್ ಈಗ ಇಲ್ಲ. ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನಮ್ಮ ಕಾಲಕ್ಕೆ ಅಲ್ಲಿ ಒಂದು ಕಿಟಕಿ, ಒಂದು ಕಂಪ್ಯೂಟರ್, ಒಂದು ಕುರ್ಚಿ ಇದ್ದವು. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವರದು. ಎರಡು ಗಂಟೆಗೆ ನಾನು ಏಳುತ್ತಿದ್ದೆ, ಕುರ್ಚಿಯ ಬಿಸಿ ಆರುವ ಮೊದಲೇ ಅವರು ಕೂರುತ್ತಿದ್ದರು.

ಕಂಡಕ್ಟರುಗಳು ಅವರಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಸುಳ್ಳೇನಲ್ಲ. ನನ್ನ ಕೊಡೆ ಸಿಕ್ಕಿತಾ, ಬ್ಯಾಗು ಸಿಕ್ಕಿತಾ ಎಂದು ದಿನಕ್ಕೆ ನಲವತ್ತು ಜನ ಇಮೇಲ್ ಮಾಡುತ್ತಿದ್ದರು. 'ನಿಮ್ಮ ವಸ್ತು ನಮ್ಮಲ್ಲಿದೆ, ಗುರುತಿನ ಚೀಟಿಯೊಂದಿಗೆ ಬನ್ನಿ' ಎಂದು ಪ್ರತಿಯೊಬ್ಬರಿಗೂ ಇವರು ಮೊದಲಿನಿಂದ ಟೈಪ್ ಮಾಡುವವರು. ಅರ್ಧ ಉತ್ತರ ಬಾಕಿ ಉಳಿದು ಮರುದಿನ ನನ್ನ ತಲೆಗೆ ಬರುತ್ತಿತ್ತು. ಅದಕ್ಕೇ ಕಲಿಸಿದ್ದು, ಬೇರೆ ಉದ್ದೇಶ ಇರಲಿಲ್ಲ.

ವಿಂಡೋಸ್ ಕೀ ಹಿಡಿದು ವಿ ಒತ್ತಿ ಎಂದೆ. ಕಾಪಿ ಮಾಡಿದ್ದೆಲ್ಲ ಪಟ್ಟಿಯಾಗಿ ನಿಂತಿರುತ್ತದೆ, ಬೇಕಾದ ಸಾಲನ್ನು ಒತ್ತಿದರೆ ಬಂದು ಕೂರುತ್ತದೆ. ಹೊಸದು ಬಂದಂತೆ ಹಳೆಯದು ಜಾರಿಹೋಗುತ್ತದೆ, ದಿನಾ ಬೇಕಾದ್ದಕ್ಕೆ ಪಿನ್ ಹಾಕಿಡಿ ಎಂದೆ. ಅವರು ಪಟ್ಟಿ ನೋಡಲಿಲ್ಲ, ನನ್ನ ಬೆರಳು ನೋಡುತ್ತಿದ್ದರು. ನಾನು ಗಮನಿಸಿದ್ದು ತಿಳಿದ ಕೂಡಲೇ ಕೀಬೋರ್ಡಿನ ಧೂಳು ಊದತೊಡಗಿದರು.

"ಅರ್ಥ ಆಯ್ತಾ?"

"ಇನ್ನೊಂದ್ಸಲ ತೋರಿಸಿದ್ರೆ ಆಗುತ್ತೆ."

ಐದು ಸಲ ತೋರಿಸಿದೆ. ಅವರು ಅಷ್ಟು ದಡ್ಡರಲ್ಲವೆಂದು ಮೂರನೆಯ ಸಲಕ್ಕೇ ಗೊತ್ತಾಗಿತ್ತು.

ತಿಂಗಳೊಳಗೆ ಬಾಕಿ ಕರಗಿತು. ಮಿಕ್ಕ ಹೊತ್ತಿನಲ್ಲಿ ಅವರು ಏನು ಮಾಡುತ್ತಿದ್ದರೆಂದು ಒಂದು ಬೆಳಿಗ್ಗೆ ನನಗೆ ತಿಳಿಯಿತು. ಪಾಳಿ ಮುಗಿಸುವಾಗ ಕಂಪ್ಯೂಟರಿನಲ್ಲೇ ನನಗೊಂದು ಟಿಪ್ಪಣಿ ಬರೆದಿಡುವುದು ರೂಢಿ: ಎರಡು ಕೊಡೆ, ಒಂದು ಕನ್ನಡಕ, ಹೀಗೆ. ಅದರ ಕೆಳಗೆ ಇನ್ನೊಂದು ಸಾಲು ಬರೆದು, ಧೈರ್ಯ ಸಾಲದೆ ತೆಗೆದುಬಿಡುತ್ತಿದ್ದರು. ಆದರೆ ಅವರು ಅಕ್ಷರ ಅಕ್ಷರ ಅಳಿಸುವವರಲ್ಲ. ಇಡೀ ಸಾಲನ್ನು ಆಯ್ದು ಕಟ್ ಮಾಡುವವರು. ಕಟ್ ಮಾಡಿದ್ದೂ ಅದೇ ಪಟ್ಟಿಗೆ ಹೋಗಿ ಬೀಳುತ್ತದೆಂದು ಹೇಳಲು ನಾನು ಮರೆತಿದ್ದೆ.

ಆ ಕಂಪ್ಯೂಟರನ್ನು ಯಾರೂ ಆಫ್ ಮಾಡುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ನಾನು ಪಟ್ಟಿ ತೆರೆದರೆ ಎಲ್ಲಕ್ಕಿಂತ ಮೇಲೆ ಅವರ ಸಾಲು.

'ಹಸಿರು ಸ್ವೆಟರ್ ನಿಮಗೆ ಚೆನ್ನಾಗಿ ಒಪ್ಪುತ್ತದೆ.'

'ಒಂಟಿ ಕೈಗವಸು ಬಂದಿದೆ. ಜೊತೆಯದು ಎಲ್ಲಿದೆಯೋ. ಅದನ್ನು ನೋಡಿದರೆ ಯಾಕೋ ನನ್ನದೇ ನೆನಪು.'

'ನಾಳೆ ಕುರ್ಚಿಯಿಂದ ಐದು ನಿಮಿಷ ತಡವಾಗಿ ಏಳಿ.'

ನಾನು ಐದು ನಿಮಿಷ ತಡವಾಗಿಯೇ ಎದ್ದೆ. ಅವರ ಮುಖ ನೋಡಬೇಕಿತ್ತು. ಅವರು ಬರುವ ಹೊತ್ತಿಗೆ ನನ್ನ ಉತ್ತರಗಳು ಮೇಲೆ ಬಿದ್ದು ಅವರ ಸಾಲು ಪಟ್ಟಿಯಿಂದಲೇ ಜಾರಿರುತ್ತಿತ್ತು. ಹೀಗೆ ಎಂಟು ತಿಂಗಳು ಕದ್ದು ಓದಿದೆ. ತಪ್ಪೇ, ಒಪ್ಪಿಕೊಳ್ಳುತ್ತೇನೆ. ಆದರೆ ಅಷ್ಟು ಹುರುಪಿನಿಂದ ನಾನು ಮತ್ತೆಂದೂ ಕೆಲಸಕ್ಕೆ ಹೋಗಿಲ್ಲ.

ನಾನಿದ್ದದ್ದು ಅಣ್ಣನ ಮನೆಯಲ್ಲಿ. ನನಗಾಗ ಮೂವತ್ತನಾಲ್ಕು ವರ್ಷ. ಅತ್ತಿಗೆ ತಮ್ಮ ಸ್ನೇಹಿತೆಯ ಮೈದುನನನ್ನು ನನಗೆ ನೋಡಿ, ಭಾನುವಾರ ನಾಲ್ಕಕ್ಕೆ ಮಾತಿಗೆ ಬರಹೇಳಿದ್ದರು. ಒಳ್ಳೆಯ ಮನುಷ್ಯನೆಂದೇ ಎಲ್ಲರ ಮಾತು. ಆತ ಬಂದು ಹೋದಮೇಲೆ ಬೇಡವೆನ್ನಲು ಕಾರಣವೇ ಇರುತ್ತಿರಲಿಲ್ಲ.

"ಬೇರೆ ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬಿಡು," ಎಂದರು ಅತ್ತಿಗೆ.

ಇದ್ದಾರೆ ಎನ್ನಲು ನನ್ನ ಹತ್ತಿರ ಏನಿತ್ತು? ಬರೆದವರೇ ಬೇಡವೆಂದು ತೆಗೆದುಹಾಕಿದ ಮಾತುಗಳು.

ಗುರುವಾರ ಪಾಳಿ ಬದಲಾಗುವಾಗ ಅವರಿಗೆ ವಿಷಯ ತಿಳಿಸಿದೆ. ಒಳ್ಳೇದು ಎಂದರು. ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಮೇಜಿನ ಮೇಲೆ ಪೆನ್ನು ಹುಡುಕಿದರು.

ಶುಕ್ರವಾರ ಬೆಳಿಗ್ಗೆ ಪಟ್ಟಿಯಲ್ಲಿದ್ದದ್ದು ಬೇರೆ ಡಿಪೋಗೆ ವರ್ಗ ಕೇಳುವ ಅರ್ಜಿಯ ಚೂರುಗಳು. ಅರ್ಜಿ ಪರದೆಯ ಮೇಲೇ ಇತ್ತು, ಇನ್ನೂ ಕಳಿಸಿರಲಿಲ್ಲ. ಕಾರಣದ ಜಾಗ ಖಾಲಿಯಿತ್ತು. ಮನೆ ದೂರ ಎಂದು ಬರೆದು ಕಟ್ ಮಾಡಿದ್ದರು. ಕಣ್ಣುನೋವು ಎಂದು ಬರೆದು ಕಟ್ ಮಾಡಿದ್ದರು. ಕೊನೆಯದು: 'ಬೆಳಗಿನ ಪಾಳಿಯವರು ಮದುವೆಯಾಗಿ ಹೋದಮೇಲೆ ಈ ಕುರ್ಚಿಯಲ್ಲಿ ಕೂರುವುದು ನನ್ನಿಂದ ಆಗದು.'

ಆ ಒಂದು ಸಾಲಿಗೆ ಪಿನ್ ಹಾಕಿದೆ. ಉಳಿದದ್ದನ್ನೆಲ್ಲ ಪಟ್ಟಿಯಿಂದ ತೆಗೆದೆ. ಎರಡು ಗಂಟೆಗೆ ಎದ್ದೆ, ಆದರೆ ಮನೆಗೆ ಹೋಗದೆ ಕಪಾಟಿಗೆ ಒರಗಿ ನಿಂತೆ.

ಅವರು ಕೂತರು. ವಿಂಡೋಸ್ ಕೀ, ವಿ. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ.

"ಇದನ್ನ... ಅಳಿಸಿದ್ದೆ ನಾನು."

"ಅಳಿಸಿಲ್ಲ, ಕಟ್ ಮಾಡಿದ್ರಿ. ಎಂಟು ತಿಂಗಳಿಂದ ಓದ್ತಾ ಇದ್ದೀನಿ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಬರೆಯೋದು ನಿಲ್ಲಿಸ್ತಿದ್ರಿ."

ಕಿಟಕಿಯಾಚೆ ಯಾರೋ ಚೀಲ ಕೇಳಿಕೊಂಡು ಬಂದು ಗಾಜು ತಟ್ಟಿದರು. ಅವರು ತಿರುಗಿ ನೋಡಲಿಲ್ಲ.

"ಬಾಯಲ್ಲಿ ಹೇಳಿ ಒಂದ್ಸಲ," ಎಂದೆ. "ಬಾಯಲ್ಲಿ ಹೇಳಿದ್ದು ಕಟ್ ಆಗಲ್ಲ."

ಅವರು ಕುರ್ಚಿಯಿಂದ ಎದ್ದು ನಿಂತರು. "ನೀವು ಇನ್ಯಾರ ಮನೆಗೂ ಹೋಗ್ಬೇಡಿ."

ಅಷ್ಟರಲ್ಲೂ ಕೆಲಸದ ಮಾತನ್ನು ಮರೆಯುವವಳಲ್ಲ ನಾನು.

"ಭಾನುವಾರ ಅವರು ನಾಲ್ಕಕ್ಕೆ ಬರ್ತಾರೆ. ನೀವು ಮೂರಕ್ಕೆ ಬನ್ನಿ."

ಅವರು ಎರಡೂವರೆಗೇ ಬಂದರು. ಬಾಗಿಲು ತೆಗೆದ ಅತ್ತಿಗೆ ಅವರನ್ನು ನೋಡಿದರು, ಹಿಂದೆ ನಿಂತಿದ್ದ ನನ್ನ ಮುಖ ನೋಡಿದರು. ಆಮೇಲೆ ಒಳಗಿದ್ದ ಅಣ್ಣನಿಗೆ ಕೂಗಿ ಹೇಳಿದರು:

"ರೀ, ಆ ನಾಲ್ಕು ಗಂಟೆಯವರಿಗೊಂದು ಫೋನ್ ಮಾಡ್ಬಿಡಿ."